ಬ್ರೇಕ್ ಫೇಲ್ ಅಂದ್ರೆ ಹಣೆಬರಹ ಅಲ್ಲ

ಘಾಟಿ ಇಳಿಯುವಾಗ ಲಾರಿ ಪಲ್ಟಿ. ಕಾರಣ? ಬ್ರೇಕ್ ಫೇಲ್. ಈ ಎರಡು ಪದ ಹೇಳಿಬಿಟ್ಟರೆ ಎಲ್ಲರ ಜವಾಬ್ದಾರಿಯೂ ಮುಗೀತು, ಸಿಡಿಲು ಹೊಡೆದ ಹಾಗೆ! ಅಲ್ಲ ಸ್ವಾಮಿ, ಬ್ರೇಕ್ ಅನ್ನೋದು ಯಂತ್ರ. ಕೆಡುವ ಮೊದಲು ಎಷ್ಟೋ ಸಲ ಸೂಚನೆ ಕೊಡುತ್ತೆ. ಅದನ್ನ ನೋಡೋರು ಯಾರು?

ದೊಡ್ಡ ಲಾರಿ, ಬಸ್ಸುಗಳಲ್ಲಿ ಬ್ರೇಕ್ ಕೆಲಸ ಮಾಡೋದು ಗಾಳಿಯ ಒತ್ತಡದಿಂದ. ಎಂಜಿನ್ ಓಡುತ್ತಿದ್ದರೆ ಕಂಪ್ರೆಸರ್ ಟ್ಯಾಂಕಿಗೆ ಗಾಳಿ ತುಂಬುತ್ತೆ. ಪೆಡಲ್ ಒತ್ತಿದಾಗಲೆಲ್ಲ ಒಂದಿಷ್ಟು ಗಾಳಿ ಖರ್ಚು. ಡೀಸೆಲ್ ಉಳಿಸೋಕೆ ಅಂತ ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿದ್ರೆ? ಖರ್ಚು ಉಂಟು, ಜಮಾ ಇಲ್ಲ. 2022ರ ನವೆಂಬರ್ 20ರ ರಾತ್ರಿ ಪುಣೆಯ ನವಲೆ ಸೇತುವೆ ಬಳಿ ಲಾರಿಯೊಂದು ಹತ್ತಾರು ವಾಹನಗಳಿಗೆ ಗುದ್ದಿತು. ಮೊದಲು ಕೇಳಿಬಂದಿದ್ದು ಬ್ರೇಕ್ ಫೇಲ್. ಆಮೇಲೆ ಪೊಲೀಸರು ಹೇಳಿದ್ದು, ಚಾಲಕ ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿದ್ದ ಅಂತ.

ಪರೀಕ್ಷೆ ಕಷ್ಟವೇ? ಕೇಳಿ. ಸಮತಟ್ಟು ಜಾಗದಲ್ಲಿ ಚಕ್ರಕ್ಕೆ ಕಲ್ಲು ಕೊಡಿ. ಟ್ಯಾಂಕ್ ತುಂಬಿದ ಮೇಲೆ ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಡಿ, ಪೆಡಲ್ ಒತ್ತಿ ಒಂದು ನಿಮಿಷ ಹಿಡಿಯಿರಿ. ಮೀಟರಿನ ಮುಳ್ಳು ಇಳೀತಾನೇ ಇದೆಯಾ? ಎಲ್ಲೋ ಗಾಳಿ ಸೋರ್ತಿದೆ. ಆಮೇಲೆ ಪೆಡಲನ್ನು ಮತ್ತೆ ಮತ್ತೆ ಒತ್ತಿ ಗಾಳಿ ಕಮ್ಮಿ ಮಾಡಿ. ಎಚ್ಚರಿಕೆಯ ಬಜರ್ ಕೂಗಲೇಬೇಕು. ಕೂಗಲಿಲ್ವಾ? ಗಾಡಿ ಹೊರಡಬಾರದು. ಇಷ್ಟಕ್ಕೆ ಹಿಡಿಯೋದು ಐದಾರು ನಿಮಿಷ. ಅಮೆರಿಕದಲ್ಲಿ ಇಂಥ ಲಾರಿಯ ಲೈಸೆನ್ಸ್ ಬೇಕಾದ್ರೆ ಈ ಪರೀಕ್ಷೆ ಮಾಡಿ ತೋರಿಸಬೇಕು. ಒಂಟಿ ಲಾರಿಯಲ್ಲಿ ಒಂದು ನಿಮಿಷಕ್ಕೆ 3 ಪಿಎಸ್‌ಐಗಿಂತ ಹೆಚ್ಚು ಇಳಿದರೆ ಸೋರಿಕೆ ಅಂತಲೇ ಲೆಕ್ಕ.

ನಮ್ಮಲ್ಲಿ ಎಫ್‌ಸಿ ಇದೆಯಲ್ಲ ಅಂತೀರಾ? ಇದೆ. 8 ವರ್ಷದವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಎಫ್‌ಸಿ ದಿನ ಚೆನ್ನಾಗಿದ್ದ ಗಾಳಿ ಪೈಪು ಮುಂದಿನ ತಿಂಗಳೇ ಬಿರುಕು ಬಿಟ್ಟರೆ? ಲಾರಿ ಶಿರಾಡಿ, ಚಾರ್ಮಾಡಿ ಇಳಿಯೋದು ಎಫ್‌ಸಿ ಕಾಗದದ ಮೇಲಲ್ಲ, ಅವತ್ತಿನ ಬ್ರೇಕಿನ ಮೇಲೆ.

ಮಾಲೀಕರೇ, ನಿಮಗೊಂದು ಪ್ರಶ್ನೆ. "ಅಣ್ಣಾ, ಗಾಳಿ ನಿಲ್ತಾ ಇಲ್ಲ, ರಿಪೇರಿ ಆಗೋವರೆಗೂ ಹೊರಡಲ್ಲ" ಅಂತ ಡ್ರೈವರ್ ಫೋನ್ ಮಾಡಿದ್ರೆ, ಶಹಬ್ಬಾಸ್ ಅಂತೀರಾ, ಆವತ್ತಿನ ಬಾಟಾ ಕಟ್ ಮಾಡ್ತೀರಾ? ಬಾಟಾ ಕಟ್ ಮಾಡೋ ಹಾಗಿದ್ರೆ ಮುಂದಿನ ಸಲ ಅವನು ಹೇಳೋದೇ ಇಲ್ಲ. ಆಮೇಲೆ ಏನಾದ್ರೂ ಆದ್ರೆ ದಯವಿಟ್ಟು ಬ್ರೇಕ್ ಫೇಲ್ ಅನ್ನಬೇಡಿ.