ಯುದ್ಧಚಿತ್ರಗಳೂ ಪ್ರೇಕ್ಷಕನ ಅಂತಃಕರಣವೂ

(ಸೊಲ್ಲಾಪುರದಲ್ಲಿ ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ಸಾಹಿತ್ಯ, ಶಿಕ್ಷಣ, ಗಡಿನಾಡಿನ ಕನ್ನಡದ ಸ್ಥಿತಿಗತಿ ಮೊದಲಾದ ಗಂಭೀರ ವಿಷಯಗಳ ನಡುವೆ ಚಲನಚಿತ್ರವನ್ನು, ಅದರಲ್ಲಿಯೂ ಹೊಡೆದಾಟ ಕಾದಾಟಗಳ ಚಿತ್ರಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಸಂಘದವರು ನನಗೆ ಅಪ್ಪಣೆ ಮಾಡಿದ್ದಾರೆ. ವಿಷಯ ಹಗುರವೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ನಮ್ಮ ಈ ಊರಿನ ಮನೆಗಳಲ್ಲಿ ಪುಸ್ತಕ ತೆರೆಯದ ದಿನಗಳು ಬೇಕಾದಷ್ಟುಂಟು. ಚಿತ್ರ ನೋಡದ ಮಕ್ಕಳು ಮಾತ್ರ ಇಲ್ಲ. ಯುದ್ಧವೆಂದರೇನು, ವೀರನೆಂದರೆ ಯಾರು, ಶತ್ರುವೆಂದರೆ ಯಾರು ಎಂಬ ಪಾಠವನ್ನು ಅವರು ಬಹುಮಟ್ಟಿಗೆ ತೆರೆಯಿಂದಲೇ ಕಲಿಯುತ್ತಿದ್ದಾರೆ. ಆ ಗುರುವನ್ನು ಒಮ್ಮೆ ಪರೀಕ್ಷಿಸಿ ನೋಡುವುದು ಹಿರಿಯರಾದ ನಮ್ಮ ಕರ್ತವ್ಯವಲ್ಲವೆ?

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಹೊಡೆದಾಟದ ಚಿತ್ರವನ್ನು ನೋಡಿ ಸಂತೋಷಪಡುವವರನ್ನು ಹಳಿಯಲು ನಾನು ಬಂದಿಲ್ಲ. ನಾಯಕನೊಬ್ಬ ಒಂದೇ ಏಟಿಗೆ ಹತ್ತು ಮಂದಿಯನ್ನು ಉರುಳಿಸುತ್ತಾನೆ. ಅವನ ಬಂದೂಕಿನಲ್ಲಿ ಗುಂಡು ಮುಗಿಯುವುದಿಲ್ಲ. ಮೂರನೆಯ ಮಹಡಿಯಿಂದ ಹಾರಿದರೂ ಅವನ ಕಾಲು ಉಳುಕುವುದಿಲ್ಲ. ಜನ ಸಿಳ್ಳು ಹಾಕುತ್ತಾರೆ. ಹಾಕಲಿ. ನಮ್ಮ ದೊಡ್ಡಾಟದ ವೀರನೂ ಕಿರೀಟ ಭುಜಕೀರ್ತಿಗಳನ್ನು ತೊಟ್ಟು, ಅಟ್ಟ ನಡುಗುವಂತೆ ಹೆಜ್ಜೆ ಹಾಕಿ, ಬೆಳಗಿನ ಜಾವದವರೆಗೆ ಕಾದುತ್ತಾನೆ. ಅದನ್ನು ನೋಡಿ ಯುದ್ಧವು ಹೀಗೆಯೇ ನಡೆಯುತ್ತದೆಂದು ನಂಬಿದ ರೈತನೊಬ್ಬನೂ ಇಲ್ಲ. ಆಟ ಆಟವೆಂದು ಹೇಳಿಕೊಂಡೇ ಬರುತ್ತದೆ. ಆದ್ದರಿಂದ ಅಲ್ಲಿ ಮೋಸವಿಲ್ಲ. ತೊಡಕು ಹುಟ್ಟುವುದು ಚಿತ್ರವು ಸತ್ಯದ ವೇಷವನ್ನು ಧರಿಸಿ ಬಂದಾಗ. "ಇದು ನಡೆದ ಸಂಗತಿ" ಎಂದು ತೆರೆಯ ಮೇಲೆ ಅಕ್ಷರ ಮೂಡಿದ ಕ್ಷಣದಿಂದ ಪ್ರೇಕ್ಷಕನ ಮನಸ್ಸು ಬೇರೆಯಾಗುತ್ತದೆ. ಅವನು ಆಟ ನೋಡುವವನಾಗಿ ಉಳಿಯುವುದಿಲ್ಲ, ಸಾಕ್ಷಿ ಕೇಳುವವನಾಗುತ್ತಾನೆ.

ಹಾಗಾದರೆ ಯುದ್ಧಚಿತ್ರದಲ್ಲಿ ನೈಜತೆಯೆಂದರೆ ಯಾವುದು? ನನ್ನ ತಿಳಿವಳಿಕೆಯಲ್ಲಿ ಅದು ಎರಡು ಬಗೆ. ಒಂದು ವಸ್ತುಗಳ ನೈಜತೆ: ಸಮವಸ್ತ್ರ, ಬಂದೂಕು, ಟ್ಯಾಂಕು, ಹೊಗೆ, ರಕ್ತ. ಇನ್ನೊಂದು ಮನುಷ್ಯರ ನೈಜತೆ: ಭಯ, ಆಯಾಸ, ಮನೆಯ ನೆನಪು, ಜೊತೆಗಾರನ ಸಾವು. ಮೊದಲನೆಯದನ್ನು ಹಣದಿಂದ ಕೊಳ್ಳಬಹುದು. ಎರಡನೆಯದನ್ನು ಕೊಳ್ಳಲಾಗದು.

1998ರಲ್ಲಿ ಬಂದ "ಸೇವಿಂಗ್ ಪ್ರೈವೇಟ್ ರಯಾನ್" ಎಂಬ ಅಮೆರಿಕದ ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಸೈನಿಕರು ಇಳಿದ ಪ್ರಸಂಗವನ್ನು ನಿರ್ದೇಶಕ ಸ್ಟೀವನ್ ಸ್ಪಿಲ್‌ಬರ್ಗ್ ಇಪ್ಪತ್ತು ನಿಮಿಷಗಳಿಗೂ ಮಿಕ್ಕಿ ತೋರಿಸಿದ್ದಾರೆ. ಅದನ್ನು ನೋಡಿದ ಹಳೆಯ ಯೋಧರ ಮನಸ್ಸು ಕದಡಿತು. ಅವರ ಸಾಂತ್ವನಕ್ಕೆಂದು ಅಮೆರಿಕದ ಸರ್ಕಾರವು ದೂರವಾಣಿಯ ವ್ಯವಸ್ಥೆಯನ್ನೇ ಮಾಡಬೇಕಾಯಿತು. ವಸ್ತುಗಳ ನೈಜತೆಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ. ಆದರೂ ಆ ಚಿತ್ರದಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ಆ ರಕ್ತವಲ್ಲ. ನಾಯಕ ಕ್ಯಾಪ್ಟನ್ ಮಿಲ್ಲರನ ಕೈ ಆಗಾಗ ತಾನಾಗಿಯೇ ನಡುಗುತ್ತದೆ. ಅವನು ಅದನ್ನು ಮರೆಮಾಡಿಕೊಳ್ಳುತ್ತಾನೆ. ಅವನು ಊರಿನಲ್ಲಿ ಏನು ಉದ್ಯೋಗ ಮಾಡುತ್ತಿದ್ದನೆಂಬುದರ ಮೇಲೆ ಅವನ ಸೈನಿಕರು ಪಂಥ ಕಟ್ಟಿಕೊಂಡಿರುತ್ತಾರೆ. ಕೊನೆಗೆ ತಿಳಿಯುವುದೇನೆಂದರೆ, ಅವನೊಬ್ಬ ಶಾಲೆಯ ಮಾಸ್ತರ. ಆ ಕ್ಷಣದಲ್ಲಿ ಪ್ರೇಕ್ಷಕನಿಗೆ ಯುದ್ಧವು ತನ್ನ ಓಣಿಗೆ ಬಂದಂತಾಗುತ್ತದೆ. ನಮಗೆ ಅಕ್ಷರ ಕಲಿಸಿದ ಮಾಸ್ತರರ ಕೈಗೇ ಯಾರೋ ಬಂದೂಕು ಕೊಟ್ಟಂತೆ!

ನಮ್ಮವನ ಕೈ ನಡುಗುವುದನ್ನು ತೋರಿಸುವುದು ಒಂದು ಹಂತ. ಎದುರು ಪಾಳೆಯದವನಿಗೂ ಮನೆಯಿದೆಯೆಂದು ತೋರಿಸುವುದು ಅದಕ್ಕಿಂತ ಕಠಿಣವಾದ ಹಂತ. ರೆಮಾರ್ಕ್ ಎಂಬ ಜರ್ಮನ್ ಲೇಖಕನ ಕಾದಂಬರಿಯನ್ನು ಆಧರಿಸಿ 1930ರಲ್ಲಿ ಅಮೆರಿಕದಲ್ಲಿ ತೆಗೆದ "ಆಲ್ ಕ್ವೈಟ್ ಆನ್ ದಿ ವೆಸ್ಟರ್ನ್ ಫ್ರಂಟ್" ಚಿತ್ರವು ಈ ಹಂತವನ್ನು ಏರಿತು. ಮೊದಲನೆಯ ಮಹಾಯುದ್ಧದ ಕಥೆ. ಪೌಲ್ ಎಂಬ ಜರ್ಮನ್ ತರುಣನು ಗುಂಡು ಬಿದ್ದು ಆದ ಹಳ್ಳವೊಂದರಲ್ಲಿ ಅಡಗಿರುವಾಗ ಫ್ರೆಂಚ್ ಸೈನಿಕನೊಬ್ಬನು ಅದರೊಳಕ್ಕೆ ಬೀಳುತ್ತಾನೆ. ಪೌಲನು ಅವನನ್ನು ಇರಿಯುತ್ತಾನೆ. ಆದರೆ ಆ ಮನುಷ್ಯನು ಒಡನೆಯೇ ಸಾಯುವುದಿಲ್ಲ. ರಾತ್ರಿಯೆಲ್ಲ ಕೊಂದವನೂ ಸಾಯುವವನೂ ಒಂದೇ ಹಳ್ಳದಲ್ಲಿ ಕಳೆಯಬೇಕು. ಬಳಿಕ ಪೌಲನು ಸತ್ತವನ ಕಾಗದಪತ್ರಗಳನ್ನು ತೆಗೆದು ನೋಡುತ್ತಾನೆ: ಅದರಲ್ಲಿ ಅವನ ಹೆಸರು, ಅವನ ಹೆಂಡತಿ, ಮಗುವಿನ ಭಾವಚಿತ್ರ. ಅಷ್ಟರಿಂದಲೇ ಶತ್ರುವೆಂಬ ಶಬ್ದ ಕರಗಿಹೋಗುತ್ತದೆ. ಅದೇ ವರ್ಷದ ಡಿಸೆಂಬರಿನಲ್ಲಿ ಬರ್ಲಿನ್ ನಗರದಲ್ಲಿ ಈ ಚಿತ್ರ ನಡೆಯುತ್ತಿದ್ದಾಗ ನಾಜಿಗಳು ಚಿತ್ರಮಂದಿರದೊಳಗೆ ದುರ್ವಾಸನೆಯ ಗುಂಡುಗಳನ್ನು ಎಸೆದು, ಬಿಳಿ ಇಲಿಗಳನ್ನು ಬಿಟ್ಟು, ಪ್ರದರ್ಶನವನ್ನು ಕೆಡಿಸಿದರು. ಕೆಲವೇ ದಿನಗಳಲ್ಲಿ ಅಲ್ಲಿ ಚಿತ್ರಕ್ಕೆ ನಿಷೇಧವೂ ಬಂದಿತು. ಶತ್ರುವಿಗೆ ಮುಖ ಕೊಡುವ ಚಿತ್ರವನ್ನು ಕಂಡರೆ ಯುದ್ಧವನ್ನು ಬಯಸುವವರಿಗೆ ಎಷ್ಟು ಅಂಜಿಕೆಯೆಂಬುದಕ್ಕೆ ಇದು ಸಾಕ್ಷಿ.

ಇದು ಕನ್ನಡಿಗರಿಗೆ ಹೊಸ ಪಾಠವೇನೂ ಅಲ್ಲ. ರನ್ನನ ಗದಾಯುದ್ಧದಲ್ಲಿ ಹೆಣಗಳ ನಡುವೆ ನಡೆದುಹೋಗುವ ದುರ್ಯೋಧನನು ಅಭಿಮನ್ಯುವಿನ ಶವದ ಮುಂದೆ ನಿಂತು ಏನು ಮಾಡುತ್ತಾನೆ? ತನ್ನ ಕಡೆಯವರು ಮುತ್ತಿ ಕೊಂದ ಆ ಹಗೆಯ ಮಗನನ್ನು ಮನಸಾರೆ ಕೊಂಡಾಡುತ್ತಾನೆ. ಸಾವಿರ ವರ್ಷಗಳ ಹಿಂದೆ ನಮ್ಮ ಕವಿ ತಿಳಿದಿದ್ದ ಈ ಔಚಿತ್ಯವನ್ನು ಇಂದಿನ ಎಷ್ಟು ಚಿತ್ರಗಳು ತಿಳಿದಿವೆ? ಬಹುಪಾಲು ಚಿತ್ರಗಳಲ್ಲಿ ವೈರಿಯು ಹಲ್ಲು ಕಿರಿಯುತ್ತಾನೆ, ಅಟ್ಟಹಾಸ ಮಾಡುತ್ತಾನೆ, ಸಾಯುತ್ತಾನೆ. ಅವನಿಗೆ ತಾಯಿಯಿದ್ದಂತೆ ಕಾಣುವುದಿಲ್ಲ.

ನಮ್ಮ ದೇಶದ ಚಿತ್ರಗಳಲ್ಲಿ 1964ರ "ಹಕೀಕತ್" ಚಿತ್ರವನ್ನು ನಾನು ಗೌರವದಿಂದ ನೆನೆಯುತ್ತೇನೆ. 1962ರಲ್ಲಿ ಲಡಾಖಿನಲ್ಲಿ ನಾವು ಕಂಡ ಸೋಲನ್ನು, ಗಾಯವಿನ್ನೂ ಹಸಿಯಾಗಿರುವಾಗಲೇ, ಚೇತನ್ ಆನಂದರು ತೆರೆಗೆ ತಂದರು. ಹಿಮದಲ್ಲಿ ಹಿಂದೆ ಸರಿಯುತ್ತಿರುವ ಸೈನಿಕರು ಮನೆಯವರನ್ನು ನೆನೆಯುವ ಭಾಗದಲ್ಲಿ ಒಂದು ಗುಂಡೂ ಹಾರುವುದಿಲ್ಲ. ಆದರೆ ಯುದ್ಧದ ಭಾರವೆಲ್ಲ ಅಲ್ಲಿದೆ. ಕನ್ನಡದಲ್ಲಿ 1990ರಲ್ಲಿ ರಾಜೇಂದ್ರಸಿಂಗ್ ಬಾಬು ಅವರು ತೆಗೆದ "ಮುತ್ತಿನ ಹಾರ"ವು ಕೊಡಗಿನ ಸೈನಿಕನೊಬ್ಬನ ಸಂಸಾರದ ಕಥೆ. ವಿಷ್ಣುವರ್ಧನ್, ಸುಹಾಸಿನಿ ಇವರ ಅಭಿನಯದಲ್ಲಿ ನಾವು ಕಂಡದ್ದು ರಣರಂಗವನ್ನಷ್ಟೇ ಅಲ್ಲ, ರಣರಂಗವು ಒಂದು ಮನೆಯಿಂದ ಏನೇನನ್ನು ಕಸಿದುಕೊಳ್ಳುತ್ತದೆ ಎಂಬುದನ್ನು. ಈ ಸಭೆಯಲ್ಲಿ ಸೈನ್ಯಕ್ಕೆ ಮಕ್ಕಳನ್ನು ಕಳುಹಿಸಿದ ತಾಯಂದಿರಿದ್ದರೆ, ಅವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನು, ಬದುಕಿದ್ದ ಮನುಷ್ಯರ ಹೆಸರನ್ನು ಹೊತ್ತ ಚಿತ್ರಗಳ ವಿಚಾರ. ಕಲ್ಪಿತ ಪಾತ್ರವನ್ನು ಕವಿ ಹೇಗಾದರೂ ನಡೆಸಲಿ; ನಡೆದ ಸಂಗತಿಯನ್ನೂ ಬಾಳಿದ ಮನುಷ್ಯನನ್ನೂ ತೆಗೆದುಕೊಂಡ ಕೂಡಲೇ ಚಿತ್ರಕಾರನ ತಲೆಯ ಮೇಲೆ ಒಂದು ಋಣ ಬೀಳುತ್ತದೆ.

1957ರ "ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್" ಚಿತ್ರವು ಜಗತ್ಪ್ರಸಿದ್ಧವಾದುದು. ಜಪಾನಿಯರ ಸೆರೆಯಲ್ಲಿದ್ದ ಬ್ರಿಟಿಷ್ ಕರ್ನಲ್ ನಿಕಲ್ಸನ್ ಎಂಬವನು ಶತ್ರುವಿಗಾಗಿ ಕಟ್ಟುವ ಸೇತುವೆಯನ್ನೇ ತನ್ನ ಹೆಮ್ಮೆಯ ಕೃತಿಯೆಂದು ಪ್ರೀತಿಸತೊಡಗುತ್ತಾನೆ. ಕೆಲಸದ ಅಭಿಮಾನವು ಮನುಷ್ಯನನ್ನು ಎಲ್ಲಿಗೆ ಒಯ್ಯಬಲ್ಲದೆಂಬ ಚಿತ್ರಣ ಅಮೋಘವಾಗಿದೆ. ಆದರೆ ಥಾಯ್ಲೆಂಡಿನ ಆ ಸೇತುವೆಯ ಬಳಿಯ ಶಿಬಿರದಲ್ಲಿ ನಿಜವಾಗಿ ಹಿರಿಯ ಅಧಿಕಾರಿಯಾಗಿದ್ದವರು ಫಿಲಿಪ್ ಟೂಸಿ. ಅವರು ತಮ್ಮ ಜನರ ಪ್ರಾಣ ಉಳಿಸಲು ಹೆಣಗಿದವರು. ಅವರ ಕೈಕೆಳಗಿನ ಸೆರೆಯಾಳುಗಳು ಮರದ ತೊಲೆಗಳಿಗೆ ಗೆದ್ದಲು ಬಿಟ್ಟು ಕೆಲಸ ಕೆಡಿಸಲು ನೋಡಿದವರು. ಚಿತ್ರವನ್ನು ಕಂಡು ಆ ಸೆರೆಯಾಳುಗಳಲ್ಲಿ ಬದುಕಿ ಉಳಿದವರು ನೊಂದುಕೊಂಡರು. ಇನ್ನೂ ದೊಡ್ಡ ಲೋಪವೊಂದುಂಟು. ಆ 415 ಕಿಲೋಮೀಟರ್ ರೈಲುದಾರಿಯಲ್ಲಿ ಸತ್ತ ಪಾಶ್ಚಾತ್ಯ ಸೆರೆಯಾಳುಗಳು 12,000ಕ್ಕೂ ಹೆಚ್ಚು. ಸತ್ತ ಏಷ್ಯಾದ ಕೂಲಿಗಳು ಸುಮಾರು 90,000 ಎಂದು ಅಂದಾಜು. ಅವರಲ್ಲಿ ಮಲಯದ ರಬ್ಬರ್ ತೋಟಗಳಿಂದ ಒಯ್ದ ತಮಿಳು ಕಾರ್ಮಿಕರು ಬಹುಮಂದಿ. ಚಿತ್ರದಲ್ಲಿ ಅವರ ಬಾಳಿಗೆ ಎಡೆಯೇ ಇಲ್ಲ. 2017ರ "ಡನ್‌ಕರ್ಕ್" ಚಿತ್ರದ ಕಡಲತೀರದಲ್ಲಿಯೂ, 1940ರಲ್ಲಿ ಫ್ರಾನ್ಸಿನಲ್ಲಿ ಹೇಸರಗತ್ತೆಗಳೊಂದಿಗೆ ಸಾಮಗ್ರಿ ಸಾಗಿಸುತ್ತಿದ್ದ ಭಾರತೀಯ ಯೋಧರು ಕಾಣಿಸುವುದಿಲ್ಲ. ಒಂದು ಗುಂಡಿಯೂ ತಪ್ಪದಂತೆ ಸಮವಸ್ತ್ರವನ್ನು ಹೊಲಿಸಿದ ಮೇಲೂ ಮನುಷ್ಯರನ್ನೇ ಬಿಟ್ಟುಬಿಟ್ಟರೆ ಅದನ್ನು ನೈಜತೆಯೆಂದು ಹೇಗೆ ಕರೆಯೋಣ?

ಪರದೇಶದವರನ್ನೇ ದೂರಬೇಕಾಗಿಲ್ಲ. 1971ರ ಡಿಸೆಂಬರಿನಲ್ಲಿ ರಾಜಸ್ಥಾನದ ಲೋಂಗೇವಾಲಾದಲ್ಲಿ ನಮ್ಮ ಸುಮಾರು 120 ಯೋಧರು ರಾತ್ರಿಯೆಲ್ಲ ಟ್ಯಾಂಕುಗಳನ್ನು ತಡೆದು ನಿಂತರು. ಬೆಳಗಾಗುತ್ತಲೇ ವಿಮಾನಗಳು ನೆರವಿಗೆ ಬಂದವು. ನಮ್ಮ ಕಡೆ ಸತ್ತವರು ಇಬ್ಬರು. ಅಷ್ಟು ಕಡಿಮೆ ಪ್ರಾಣಹಾನಿಯಿಂದ ಅಷ್ಟು ದೊಡ್ಡ ದಾಳಿಯನ್ನು ನಿಲ್ಲಿಸಿದ್ದೇ ಆ ಕಾಳಗದ ಅದ್ಭುತ. 1997ರ "ಬಾರ್ಡರ್" ಚಿತ್ರಕ್ಕೆ ಅದು ಸಾಲದಾಯಿತು. ಒಬ್ಬರ ಮೇಲೊಬ್ಬರು ಅಲ್ಲಿ ಮಡಿಯುತ್ತಾರೆ. ಗಡಿ ಭದ್ರತಾ ದಳದ ಭೈರೋನ್ ಸಿಂಗ್ ಅವರೂ ಚಿತ್ರದಲ್ಲಿ ವೀರಮರಣವನ್ನು ಹೊಂದುತ್ತಾರೆ. ನಿಜವಾದ ಭೈರೋನ್ ಸಿಂಗ್ ರಾಠೋಡ್ ಅವರು ಆ ಯುದ್ಧದ ನಂತರ ಐವತ್ತೊಂದು ವರ್ಷ ಬಾಳಿ 2022ರ ಡಿಸೆಂಬರಿನಲ್ಲಿ ತೀರಿಕೊಂಡರು. ತೆರೆಯ ಮೇಲೆ ತಾನು ಸತ್ತದ್ದಕ್ಕೆ ಜನ ಕಣ್ಣೀರಿಡುತ್ತಿರುವಾಗ, ಬದುಕಿರುವ ಯೋಧನು ಎಲ್ಲಿಗೆ ಹೋಗಬೇಕು? ಬದುಕಿ ಬಂದದ್ದು ವೀರನಿಗೆ ಕುಂದೆ?

ಈ ಪ್ರಶ್ನೆ ನಮ್ಮ ಊರಿಗೇ ಸಂಬಂಧಿಸಿದ್ದು. ಡಾಕ್ಟರ್ ದ್ವಾರಕಾನಾಥ ಕೋಟ್ನೀಸರು 1910ರಲ್ಲಿ ಹುಟ್ಟಿದ್ದು ಇದೇ ಸೊಲ್ಲಾಪುರದಲ್ಲಿ. ಜಪಾನಿನ ಆಕ್ರಮಣಕ್ಕೆ ತುತ್ತಾದ ಚೀನಕ್ಕೆ 1938ರಲ್ಲಿ ಕಾಂಗ್ರೆಸ್ಸು ಕಳುಹಿಸಿದ ಐವರು ವೈದ್ಯರಲ್ಲಿ ಅವರೊಬ್ಬರು. ಗಾಯಾಳುಗಳ ಸೇವೆ ಮಾಡುತ್ತ, ಅಲ್ಲಿಯೇ ಮದುವೆಯಾಗಿ, 1942ರ ಡಿಸೆಂಬರ್ 9ರಂದು, ಇನ್ನೂ 32ರ ಹರೆಯದಲ್ಲಿ ತೀರಿಕೊಂಡರು. ಮಗುವಿಗೆ ಆಗ ನಾಲ್ಕು ತಿಂಗಳೂ ತುಂಬಿರಲಿಲ್ಲ. 1946ರಲ್ಲಿ ವಿ. ಶಾಂತಾರಾಮರು "ಡಾ. ಕೋಟ್ನೀಸ್ ಕೀ ಅಮರ್ ಕಹಾನಿ" ಚಿತ್ರವನ್ನು ತೆಗೆದು, ತಾವೇ ಕೋಟ್ನೀಸರ ಪಾತ್ರವನ್ನು ವಹಿಸಿದರು. ಈ ಹೆಸರು ದೇಶದ ಮನೆಮನೆಯನ್ನು ಮುಟ್ಟಿದ್ದು ಆ ಚಿತ್ರದಿಂದ. ಆ ಉಪಕಾರವನ್ನು ಸೊಲ್ಲಾಪುರದವರು ಮರೆಯಲಾಗದು. ಆದರೆ ಚಿತ್ರದಲ್ಲಿ ಡಾಕ್ಟರರು ಜಪಾನಿ ಸೈನಿಕರ ಕೈಗೆ ಸಿಕ್ಕಿ ಪಾರಾಗುತ್ತಾರೆ. ಪ್ಲೇಗನ್ನು ಗೆಲ್ಲಲು ಹೋಗಿ ಅದಕ್ಕೇ ಬಲಿಯಾಗುತ್ತಾರೆ. ನಿಜವಾಗಿ ಅವರನ್ನು ಕೊಂಡೊಯ್ದದ್ದು ಮೂರ್ಛೆರೋಗ. ಮೂರ್ಛೆರೋಗದಿಂದ ಸಾಯುವುದು ವೀರನಿಗೆ ಶೋಭಿಸದೆಂದು ಚಿತ್ರಕಾರರು ಎಣಿಸಿರಬೇಕು. ನನಗಾದರೋ ಅದೇ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಮೈಯೊಳಗೆ ಆ ರೋಗವನ್ನು ಇಟ್ಟುಕೊಂಡು, ಪರದೇಶದ ಹಳ್ಳಿಯಲ್ಲಿ, ಮರುದಿನದ ಗಾಯಾಳುವಿಗಾಗಿ ಮತ್ತೆ ಎದ್ದು ನಿಲ್ಲುವುದು ಯಾವ ಸಾಹಸಕ್ಕೆ ಕಡಿಮೆ? ವೀರರಲ್ಲಿ ಯುದ್ಧವೀರನೊಬ್ಬನೇ ಅಲ್ಲ, ದಾನವೀರ, ಧರ್ಮವೀರ, ದಯಾವೀರರೂ ಉಂಟೆಂದು ನಮ್ಮ ಆಲಂಕಾರಿಕರು ಹೇಳಿದ್ದಾರೆ. ನಮ್ಮ ಊರಿನ ದಯಾವೀರನಿಗೆ ಎರವಲು ಸಾವು ಬೇಕಿರಲಿಲ್ಲ.

ಈ ಸೀಮೆಯ ಹಳ್ಳಿಗಳಲ್ಲಿ, ಗುಡಿಯ ಮುಂದೆಯೋ ಹೊಲದ ಬದುವಿನಲ್ಲಿಯೋ, ವೀರಗಲ್ಲುಗಳನ್ನು ನೀವು ಕಂಡಿದ್ದೀರಿ. ಕೆಳಗಿನ ಪಟ್ಟಿಯಲ್ಲಿ ಕಾಳಗ. ಅದರ ಮೇಲೆ ಅಪ್ಸರೆಯರು ವೀರನನ್ನು ಒಯ್ಯುವ ಪಟ್ಟಿ. ಎಲ್ಲಕ್ಕೂ ಮೇಲೆ ಲಿಂಗಪೂಜೆ. ಬರಹವಿರುವ ಕಲ್ಲುಗಳಲ್ಲಿ ಅವನ ಹೆಸರೇನು, ಯಾವ ಊರಿನ ತುರುಗಳಿಗಾಗಿ ಕಾದಿ ಸತ್ತನು ಎಂಬುದು ನಾಲ್ಕೇ ಸಾಲಿನಲ್ಲಿರುತ್ತದೆ. ಆ ಶಿಲ್ಪಿಗೂ ಕಲ್ಪನೆಯಿತ್ತು, ಸ್ವರ್ಗವನ್ನೇ ಕೆತ್ತಿದನಲ್ಲ! ಆದರೆ ಸ್ವರ್ಗವನ್ನೂ ಕಾಳಗವನ್ನೂ ಬೇರೆ ಬೇರೆ ಪಟ್ಟಿಗಳಲ್ಲಿ ಇಟ್ಟು ನಡುವೆ ಗೆರೆ ಎಳೆದನು. ಆ ಗೆರೆಯನ್ನು ಅಳಿಸಬೇಡಿರೆಂದು ಚಿತ್ರ ತೆಗೆಯುವವರನ್ನು ನಾವು ಬೇಡಬಹುದು. ಅವರು ಅಳಿಸಿದರೆ, ನೋಡುವ ನಾವು ಮತ್ತೆ ಎಳೆದುಕೊಳ್ಳಬೇಕು.

ಆದುದರಿಂದ ತಾಯಿತಂದೆಗಳಲ್ಲಿ ನನ್ನ ಬಿನ್ನಹವಿಷ್ಟೆ. ಮಕ್ಕಳೊಂದಿಗೆ ಯುದ್ಧದ ಚಿತ್ರವನ್ನು ನೋಡಿ ಬಂದ ರಾತ್ರಿ ಊಟಕ್ಕೆ ಕುಳಿತಾಗ ಮೂರು ಮಾತು ಕೇಳಿರಿ: ಸತ್ತವರಲ್ಲಿ ಎಷ್ಟು ಮಂದಿಯ ಹೆಸರು ನಿನಗೆ ತಿಳಿಯಿತು? ಎದುರಿನವನಿಗೆ ಮನೆಯಿತ್ತೆ? ಅಲ್ಲಿ ಇದ್ದೂ ಕಾಣದವರು ಯಾರು? ಕೇಳುವುದು ನಮ್ಮ ಕನ್ನಡದಲ್ಲಿಯೇ ಆಗಲಿ. ಉತ್ತರ ತಡವಾದರೂ ಚಿಂತೆಯಿಲ್ಲ. ಮೂರನೆಯ ಪ್ರಶ್ನೆಗೆ ಉತ್ತರ ಹುಡುಕುತ್ತ ಮಗುವೊಂದು ಗ್ರಂಥಾಲಯದ ಕಡೆಗೆ ಹೊರಟಿತೆಂದರೆ ನಮ್ಮ ಸಂಘದ ಈ ವರ್ಷದ ಕೆಲಸ ಸಾರ್ಥಕವಾಯಿತೆಂದು ತಿಳಿಯುತ್ತೇನೆ.