ಹದಿನೈದು ದಿನದ ಅಕ್ಕ

 

ಈ ವಾರ ಬಂದ ಒಂದು ವಾಯ್ಸ್ ಮೆಸೇಜ್ ಬಗ್ಗೆ ಮಾತಾಡೋಣ. ಹರಪನಹಳ್ಳಿ ಕಡೆಯ ಹುಡುಗಿ, ಬೆಂಗಳೂರಲ್ಲಿ ಕೆಲಸ. "ಅಕ್ಕಾ, ನಮ್ಮ ಚರ್ಚ್ ತಂಡ ಕೀನ್ಯಾದ ಅನಾಥಾಶ್ರಮಕ್ಕೆ ಹದಿನೈದು ದಿನ ಸೇವೆಗೆ ಹೋಗ್ತಿದೆ. ನಾನೂ ಹೋಗ್ಲಾ?" ಅಂತ ಕೇಳಿದ್ದಾಳೆ.

ಮೊದಲು ಅಲ್ಲಿ ದಿನ ಹೇಗಿರುತ್ತೆ ನೋಡೋಣ. ಇಂಥ ಪ್ರವಾಸಗಳ ದಿನಚರಿ ಹೆಚ್ಚುಕಮ್ಮಿ ಒಂದೇ ಥರ. ಬೆಳಿಗ್ಗೆ ಪ್ರಾರ್ಥನೆ. ತಿಂಡಿಗೆ ಉಜಿ, ಅಂದ್ರೆ ನಮ್ಮ ಅಂಬಲಿ ಥರದ ಗಂಜಿ. ಊಟಕ್ಕೆ ಉಗಾಲಿ, ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ, ಜೊತೆಗೆ ಸೊಪ್ಪು. ರಾಗಿ ನಮ್ಮ ದೇಶಕ್ಕೆ ಬಂದಿದ್ದೇ ಪೂರ್ವ ಆಫ್ರಿಕಾದಿಂದ, ಹಾಗಾಗಿ ಊಟದ ಚಿಂತೆ ಬೇಡ. ಮಧ್ಯೆ ಗೋಡೆಗೆ ಬಣ್ಣ ಹೊಡೆಯೋದು, ಬಟ್ಟೆ ಒಗೆಯೋದು, ಮಕ್ಕಳಿಗೆ ಪಾಠ, ಹಾಡು, ಫುಟ್‌ಬಾಲ್. ಸಂಜೆ ಎಲ್ಲರೂ ಕೂತು ಅನುಭವ ಹಂಚಿಕೊಳ್ಳೋದು. ರಜೆ ಹಾಕಿ, ಕೈಯಿಂದ ದುಡ್ಡು ಹಾಕಿ ದುಡಿಯೋಕೆ ಹೋಗೋರ ಮನಸ್ಸು ದೊಡ್ಡದು. ಅದರಲ್ಲಿ ಎರಡು ಮಾತಿಲ್ಲ.

ಈಗ ಅದೇ ಹದಿನೈದು ದಿನಾನ ಮಗುವಿನ ಕಡೆಯಿಂದ ನೋಡ್ರಿ. ಮೊದಲ ದಿನವೇ ಓಡಿಬಂದು ಕೈ ಹಿಡ್ಕೊಳ್ಳುತ್ತೆ. ಎಷ್ಟು ಪ್ರೀತಿ ಅಂತ ನಮಗನ್ನಿಸುತ್ತೆ. ಆದ್ರೆ ಸಿಕ್ಕಸಿಕ್ಕ ಅಪರಿಚಿತರಿಗೆಲ್ಲ ಅಂಟಿಕೊಳ್ಳೋದು, ಕಾಯಂ ಆಗಿ ನೋಡ್ಕೊಳ್ಳೋರು ಇಲ್ಲದ ಮಗುವಿನ ಲಕ್ಷಣ ಇರಬಹುದು ಅಂತಾರೆ ಮಕ್ಕಳ ಮನಸ್ಸು ಬಲ್ಲವರು. ಹದಿನಾರನೇ ದಿನ ಅಕ್ಕ ವಿಮಾನ ಹತ್ತುತ್ತಾಳೆ. ಆಮೇಲೆ ಇನ್ನೊಂದು ತಂಡ, ಇನ್ನೊಬ್ಬ ಅಕ್ಕ. ಎಷ್ಟು ಸಲ ಅಂತ ಆ ಮಗು ಟಾಟಾ ಮಾಡಬೇಕು?

ಇನ್ನೊಂದು ವಿಷಯ. ಜಗತ್ತಿನ ಅನಾಥಾಶ್ರಮಗಳಲ್ಲಿರೋ ಹೆಚ್ಚಿನ ಮಕ್ಕಳಿಗೆ ಅಪ್ಪ ಇಲ್ಲವೇ ಅಮ್ಮ ಬದುಕಿದ್ದಾರೆ. ಮಕ್ಕಳನ್ನ ಅಲ್ಲಿಗೆ ತಂದು ಬಿಟ್ಟಿದ್ದು ಬಡತನ. ಕೆಲವು ದೇಶಗಳಲ್ಲಿ, ನೋಡೋಕೆ ಬರೋರ ದುಡ್ಡಿಗಾಗಿ ಮಕ್ಕಳನ್ನ ಮನೆಯಿಂದ ಕರೆತಂದು ತುಂಬಿಸೋ ವ್ಯಾಪಾರವೂ ನಡೆದಿದೆ. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ತನ್ನ ನಿರ್ಣಯದಲ್ಲೇ ಈ ಬಗ್ಗೆ ಎಚ್ಚರಿಸಿತು.

ಇದು ದೂರದ ಕಥೆ ಅಲ್ಲ. ಮಳೆ ಕೈಕೊಟ್ಟ ವರ್ಷ ನಮ್ಮ ತಾಲ್ಲೂಕುಗಳಿಂದ ಜನ ಗುಳೆ ಹೋಗ್ತಾರೆ, ಮಗು ಅಜ್ಜಿ ಹತ್ರ ಉಳಿಯುತ್ತೆ. ಅಪ್ಪ ತೀರಿಹೋದ ಮನೆಯಲ್ಲಿ ತಾಯಿ ಒಬ್ಬಳೇ ದುಡೀಬೇಕು. ಆಗದೇ ಇದ್ದಾಗ ಮಗುನ ಆಶ್ರಮಕ್ಕೆ ಬಿಡ್ತಾರೆ.

ನಾನು ಬಿ.ಕಾಂ. ಓದಿದೋಳು, ಒಂದು ಲೆಕ್ಕ ಹೇಳ್ತೀನಿ. ಮಿಷನ್ ವಾತ್ಸಲ್ಯ ಅಂತ ಸರ್ಕಾರದ ಯೋಜನೆ ಇದೆ. ವಿಧವೆ ತಾಯಿಯ ಮಗು, ಬಂಧುಗಳ ಮನೆಯಲ್ಲಿರೋ ಅನಾಥ ಮಗು, ಇಂಥವರು ಮನೆಯಲ್ಲೇ ಬೆಳೀಲಿ ಅಂತ ತಿಂಗಳಿಗೆ 4,000 ರೂಪಾಯಿ ಕೊಡ್ತಾರೆ. ವರ್ಷಕ್ಕೆ 48,000. ಹಳ್ಳಿಯಲ್ಲಾದ್ರೆ ಮನೆಯ ವರಮಾನ ವರ್ಷಕ್ಕೆ 72,000 ದಾಟಿರಬಾರದು. ಕೀನ್ಯಾ ಪ್ರವಾಸಕ್ಕೆ ಒಬ್ಬರಿಗೆ ಒಂದೂವರೆ ಲಕ್ಷ ಅಂದ್ಕೊಳ್ಳಿ. ಅಷ್ಟರಲ್ಲಿ ಒಂದು ಮಗು ಮೂರು ವರ್ಷ ತನ್ನ ಮನೆಯಲ್ಲೇ ಇರಬಹುದು.

ಈ ಯೋಜನೆ ನೋಡ್ಕೊಳ್ಳೋದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ವರಮಾನ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡ್ಕೊಂಡು ಅಲೆಯೋದು ಅಜ್ಜಿಗೆ ಬೆಟ್ಟ ಹತ್ತಿದಂಗೆ. ಫೋನ್ ಇರೋ ನಮಗೆ ಒಂದೆರಡು ದಿನದ ಕೆಲಸ. ಇದೂ ಸೇವೆನೇ, ಫೋಟೋ ಮಾತ್ರ ಇರಲ್ಲ.

ಫೋಟೋ ಅಂದಾಗ ನೆನಪಾಯ್ತು. ಬರ್ತ್‌ಡೇಗೆ ಆಶ್ರಮಕ್ಕೆ ಹೋಗಿ ಕೇಕ್ ಕತ್ತರಿಸಿ, ಮಕ್ಕಳ ಜೊತೆ ಸೆಲ್ಫಿ ಹಾಕ್ತೀವಲ್ಲ? 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ, ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವಿನ ಗುರುತು ಬಯಲು ಮಾಡಿದ್ರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಹಾಗಾದ್ರೆ ತಂಗಿ, ಹೋಗ್ಲಾ ಬೇಡ್ವಾ? ತಂಡದ ಹಿರಿಯರಿಗೆ ಮೂರು ಪ್ರಶ್ನೆ ಕೇಳು. ಈ ಆಶ್ರಮಕ್ಕೆ ಅಲ್ಲಿನ ಸರ್ಕಾರದ ನೋಂದಣಿ ಇದೆಯಾ? ಮಕ್ಕಳನ್ನ ಅವರ ಮನೆಗೆ ಸೇರಿಸೋ ಪ್ರಯತ್ನ ನಡೀತಿದೆಯಾ? ನನ್ನ ಕೆಲಸ ಮಕ್ಕಳನ್ನ ಎತ್ತಿಕೊಳ್ಳೋದಾ, ಅಲ್ಲೇ ವರ್ಷಗಟ್ಟಲೆ ಇರೋ ಆಯಾ, ಅಡುಗೆಯವರಿಗೆ ಕೈಜೋಡಿಸೋದಾ? ನೇರ ಉತ್ತರ ಸಿಕ್ಕರೆ ಹೋಗಿ ಬಾ. ಸಿಗದಿದ್ರೆ ಟಿಕೆಟ್ ದುಡ್ಡು ಉಳಿಸ್ಕೊಂಡು ಊರಿಗೆ ಬಾ. ಆ ಅಜ್ಜಿಯ ಅರ್ಜಿ ಇನ್ನೂ ತುಂಬಿಲ್ಲ.

ಕಷ್ಟದಲ್ಲಿರೋ ಮಗು ಕಂಡ್ರೆ 1098ಕ್ಕೆ ಕರೆ ಮಾಡಿ. ಮುಂದಿನ ವಾರ ಸಿಗೋಣ.