ಓದುವ ಹುಡುಗರ ಬಳಗ ಯಾರದಾಗಬೇಕು?

(ಹುಬ್ಬಳ್ಳಿಯಲ್ಲಿ ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಸ್ಥರು ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ಈ ಹೊತ್ತಿನ ಸಭೆಯಲ್ಲಿ ಬೋನಸ್ಸಿನ ಮಾತಿಲ್ಲ, ಮಾರ್ಕೆಟ್ಟಿನ ಕರದ ಮಾತೂ ಇಲ್ಲ. ಅವುಗಳಿಗಾಗಿ ಬೇರೆ ದಿನ ಕೂಡುವುದಿದೆ. ಈ ಹೊತ್ತು ಒಂದು ಕೋಣೆಯ ವಿಷಯ ಮಾತ್ರ.

ವಿದ್ಯಾನಗರದ ಕಡೆ ಕಾಲೇಜಿನಲ್ಲಿ ಓದುವ ಹದಿನೈದಿಪ್ಪತ್ತು ತರುಣರು ಒಂದು ಬಳಗ ಮಾಡಿಕೊಂಡಿದ್ದಾರೆ. ತಮ್ಮ ತಮ್ಮೊಳಗೆ ಒಬ್ಬರ ಅಭ್ಯಾಸಕ್ಕೆ ಇನ್ನೊಬ್ಬರು ನೆರವಾಗುವುದು, ಸಂಜೆ ಏಳರಿಂದ ಒಂಬತ್ತರವರೆಗೆ ನಮ್ಮ ಓಣಿಯ ಮಕ್ಕಳಿಗೆ ಗಣಿತ ಮತ್ತು ಇಂಗ್ಲಿಷು ಹೇಳಿಕೊಡುವುದು, ರವಿವಾರ ಓಣಿಯ ಜನರ ಅರ್ಜಿ, ಸ್ಕಾಲರ್‌ಶಿಪ್ಪಿನ ಫಾರ್ಮು ತುಂಬಿಕೊಡುವುದು. ಇಷ್ಟೇ ಅವರ ಕಾರ್ಯಕ್ರಮ. ನಮ್ಮನ್ನು ಅವರು ಕೇಳುತ್ತಿರುವುದು ಒಂದು ಕೋಣೆ, ಎರಡು ದೀಪ, ನಾಲ್ಕು ಚಾಪೆ. ಕೋಣೆಯ ಬಾಡಿಗೆಯನ್ನೆಲ್ಲ ತಾವೊಬ್ಬರೇ ಹೊರುತ್ತೇವೆಂದು ವ್ಯಾಪಾರಸ್ಥ ಮಿತ್ರರೊಬ್ಬರು ಮುಂದೆ ಬಂದಿದ್ದಾರೆ. ಅವರ ಕರಾರು ಒಂದೇ. ಬಾಗಿಲ ಮೇಲಿನ ಹಲಗೆಗೆ ತಮ್ಮ ಸಮಾಜದ ಹೆಸರಿರಬೇಕು. ಜಾಗ ಸಾಲದಾದರೆ ತಮ್ಮ ಸಮಾಜದ ಮಕ್ಕಳನ್ನು ಮೊದಲು ಕೂಡಿಸಬೇಕು. ಅವರ ಮನಸ್ಸು ಒಳ್ಳೆಯದು, ಅದರಲ್ಲಿ ನಮಗೆ ಸಂಶಯವಿಲ್ಲ. ಆದರೂ ಈ ಕರಾರಿಗೆ ಒಪ್ಪಬಾರದು ಎಂದು ನಾವು ನಿಮ್ಮನ್ನು ಕೇಳಿಕೊಳ್ಳಲು ನಿಂತಿದ್ದೇವೆ. ಅದಕ್ಕೆ ಕಾರಣ ಹೇಳಬೇಕಾದರೆ ತುಸು ಹಿಂದಕ್ಕೆ ಹೋಗಬೇಕು.

ಹಳ್ಳಿಯ ಬಡ ಹುಡುಗ ಧಾರವಾಡಕ್ಕೋ ಹುಬ್ಬಳ್ಳಿಗೋ ಓದಲು ಬಂದರೆ ಅವನ ಹೊಟ್ಟೆಯ ಗತಿ ಏನಾಗುತ್ತಿತ್ತು ಎಂಬುದು ನಿಮ್ಮಲ್ಲಿ ಹಿರಿಯರಿಗೆ ಗೊತ್ತಿದೆ. ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ಏಳು ದಿನಕ್ಕೆ ಏಳು ಮನೆ ಗೊತ್ತು ಮಾಡಿಕೊಳ್ಳಬೇಕು. ಏಳು ಸಿಗದೆ ಐದೇ ಸಿಕ್ಕರೆ ಎರಡು ದಿನ ಚುರುಮುರಿ, ನೀರು. ಗುರುವಾರದ ಮನೆಯವರು ಊರಿಗೆ ಹೋದರೆ ಗುರುವಾರ ಉಪವಾಸ. ಆ ಮನೆಯಲ್ಲಿ ಸೂತಕ ಬಂತೆಂದರೆ ಹತ್ತು ದಿನ ಅತ್ತ ಸುಳಿಯುವಂತಿಲ್ಲ, ಪರೀಕ್ಷೆ ಮಾತ್ರ ನಿಲ್ಲುವುದಿಲ್ಲ. ಊಟಕ್ಕೆ ಕರೆಯುವ ಮೊದಲು ಮನೆಯವರು ನೀರು ತರಿಸುತ್ತಿದ್ದರು, ಸಂತೆಗೆ ಕಳಿಸುತ್ತಿದ್ದರು. ಹುಡುಗ ಬಾಯಿ ಬಿಡದೆ ಮಾಡುತ್ತಿದ್ದ. ಇಷ್ಟಾದರೂ ಆ ಏಳು ಮನೆಗಳು ಬೇಕಾದರೆ ಮೊದಲು ಜಾತಿ ಕೂಡಿ ಬರಬೇಕಾಗಿತ್ತು. ಯಾವ ಮನೆಯ ಕಟ್ಟೆಯ ಮೇಲೂ ಕೂಡ್ರಗೊಡದ ಜಾತಿಯ ಹುಡುಗನಿಗೆ ಈ ಅರೆಹೊಟ್ಟೆಯ ವ್ಯವಸ್ಥೆಯೂ ಇರಲಿಲ್ಲ.

ಈ ಹಸಿವಿನಿಂದಲೇ ನಮ್ಮ ಭಾಗದ ಪ್ರಸಾದನಿಲಯಗಳು, ವಿದ್ಯಾರ್ಥಿನಿಲಯಗಳು ಹುಟ್ಟಿದವು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ನಿಲಯದಲ್ಲಿ ಉಂಡು ಓದಿದವರು ಎಷ್ಟೋ ಜನ. ಮನೆಮನೆಯ ಹೆಣ್ಣುಮಕ್ಕಳು ದಿನಾಲು ಅಡಿಗೆಗೆ ತೆಗೆದ ಕಾಳಿನಲ್ಲಿ ಒಂದು ಮುಷ್ಟಿ ಎತ್ತಿಟ್ಟು ಮುಷ್ಟಿಫಂಡು ಕೂಡಿಸುತ್ತಿದ್ದ ಕಾಲ ಅದು. ದೊಡ್ಡವರ ದೇಣಿಗೆಯ ಹೆಸರು ಕಲ್ಲಿನ ಮೇಲೆ ಉಳಿದಿದೆ, ಆ ಮುಷ್ಟಿ ಕಾಳಿನ ಲೆಕ್ಕ ಯಾವ ಕಲ್ಲಿನ ಮೇಲೂ ಇಲ್ಲ.

ಇನ್ನು ಓದಿದವರು ಕಟ್ಟಿಕೊಂಡ ಬಳಗದ ಮಾತು. 1916ರ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಏಳು ಜನ ತರುಣರು ಕೂಡಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ತೆಗೆದರು. ಬಸವನಾಳ, ಸಾಖರೆ, ಕಟ್ಟೀಮನಿ, ಮಮದಾಪುರ, ಹಂಚಿನಾಳ, ಚಿಕ್ಕೋಡಿ, ಪಾಟೀಲ. ಜನ ಇವರನ್ನು ಸಪ್ತರ್ಷಿಗಳು ಎಂದು ಕರೆಯಿತು. ಆಗ ಧಾರವಾಡದ ಕರ್ನಾಟಕ ಕಾಲೇಜು ಕೂಡ ಇರಲಿಲ್ಲ, ಅದು ಸುರುವಾದದ್ದು 1917ರಲ್ಲಿ. ಬಿ.ಎ. ಆಗಬೇಕಾದರೆ ಪುಣೆಗೆ ಹೋಗಬೇಕು, ಇಲ್ಲವೆ ಮುಂಬಯಿಗೆ ಹೋಗಬೇಕು. ಪುಣೆಯಲ್ಲಿ 1884ರಲ್ಲಿ ತಿಲಕ, ಆಗರಕರ ಮೊದಲಾದವರು ಕಟ್ಟಿದ ಡೆಕ್ಕನ್ ಎಜುಕೇಶನ್ ಸೊಸಾಯಿಟಿಯ ಮಾದರಿ ಎಲ್ಲರ ಕಣ್ಣೆದುರಿಗಿತ್ತು. ಅಲ್ಲಿಯ ಆಜೀವ ಸದಸ್ಯರು ಸರಕಾರದ ದೊಡ್ಡ ನೌಕರಿ ಬಿಟ್ಟು ಅಲ್ಪ ಸಂಬಳದ ಮೇಲೆ ಕಲಿಸುತ್ತಿದ್ದರು. ನಮ್ಮ ಏಳು ಜನ ಹೈಸ್ಕೂಲಿನಿಂದ ಪ್ರಾರಂಭಿಸಿದರು. 1933ರಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜು ಬಂತು. 1947ರಲ್ಲಿ ನಮ್ಮ ಹುಬ್ಬಳ್ಳಿಯ ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು ಬಂತು, ಅದೇ ಇಂದು ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ಕೈಯಲ್ಲಿ ದುಡ್ಡಿಲ್ಲದ ಏಳು ಜನ ಒಂದು ಮನಸ್ಸಿನಿಂದ ಕೂಡಿದರೆ ಏನಾದೀತು ಎಂಬುದಕ್ಕೆ ಈ ಜಿಲ್ಲೆಗಳಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ನಮ್ಮ ಪಕ್ಷದ ಕೆಲವು ತರುಣ ಮಿತ್ರರಿಗೆ ಜಾತಿಯ ಹೆಸರಿನ ಸಂಸ್ಥೆ ಎಂದೊಡನೆ ಮೂಗು ಮುರಿಯುವ ಚಟವಿದೆ. ಅದು ಸರಿಯಲ್ಲ. ಪರದೇಶಿ ಸರಕಾರ ಶಾಲೆ ತೆರೆಯದಿದ್ದಾಗ, ಹಿಂದುಳಿದಿದ್ದ ಸಮಾಜ ತನ್ನ ಮಕ್ಕಳ ಕೈ ತಾನೇ ಹಿಡಿದು ಎತ್ತಿತು. ಅಲ್ಲಿ ಕಲಿತವರಲ್ಲಿ ಬೇರೆ ಜಾತಿಯವರೂ ಇದ್ದಾರೆ. ಆದರೆ 1916ರಲ್ಲಿ ಬೇಕಾಗಿದ್ದ ಹಲಗೆ ನಮ್ಮ ಈ ಕೋಣೆಗೂ ಬೇಕೇ ಎಂಬುದು ಬೇರೆ ಪ್ರಶ್ನೆ.

ಅದಕ್ಕೆ ಉತ್ತರ ಹುಡುಕುವಾಗ ಒಂದು ಹಳೆಯ ಸಂಗತಿ ನೆನಪಿಡಬೇಕು. 1856ರ ಜೂನ್ ತಿಂಗಳಲ್ಲಿ ಧಾರವಾಡದ ಸರಕಾರಿ ಶಾಲೆಯ ಬಾಗಿಲಿಗೆ ಒಬ್ಬ ಮಹಾರ ಹುಡುಗ ಬಂದ. ಅವನಿಗೆ ಪ್ರವೇಶ ಕೊಡಲಿಲ್ಲ. ಅವನ ಅರ್ಜಿ ಮುಂಬಯಿ ಸರಕಾರದವರೆಗೆ ಹೋಯಿತು. ಸರಕಾರ ಏನು ಹೇಳಿತು ಗೊತ್ತೇ? ನ್ಯಾಯ ಈ ಹುಡುಗನ ಕಡೆಗೇ ಇದೆ ಎಂದು ಒಪ್ಪಿತು. ಒಪ್ಪಿಯೂ, ಇವನೊಬ್ಬನ ಸಲುವಾಗಿ ಉಳಿದ ಮಕ್ಕಳು ಶಾಲೆ ಬಿಟ್ಟರೆ ಹೇಗೆ ಎಂದು ಬಾಗಿಲು ಮುಚ್ಚಿಯೇ ಇಟ್ಟಿತು. 1858ರಲ್ಲಿ ಲಂಡನ್ನಿನಿಂದ, ಸರಕಾರದ ಖರ್ಚಿನ ಶಾಲೆ ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂಬ ತೀರ್ಮಾನ ಬಂತು. ಕಾಗದ ಬಂದ ಮಾತ್ರಕ್ಕೆ ಕಟ್ಟೆ ಇಳಿಯುತ್ತದೆಯೇ? ಡಾಕ್ಟರ್ ಅಂಬೇಡ್ಕರರು ತಮ್ಮ ಬರವಣಿಗೆಯಲ್ಲಿ ಈ ಧಾರವಾಡದ ಹುಡುಗನನ್ನು ಎತ್ತಿ ಹೇಳಿದ್ದಾರೆ. ಇಡೀ ಮುಂಬಯಿ ಪ್ರಾಂತಕ್ಕೆ ಉದಾಹರಣೆಯಾದ ಆ ಬಾಗಿಲು ನಮ್ಮ ಮನೆಯಿಂದ ಹದಿಮೂರು ಮೈಲಿನ ಮೇಲಿತ್ತು.

ಅದಾಗಿ ಎಪ್ಪತ್ತು ವರ್ಷದ ಮೇಲೆ ಅಂಬೇಡ್ಕರರೇ 1928ರಲ್ಲಿ ಶಿಕ್ಷಣ ಸಂಸ್ಥೆಯೊಂದನ್ನು ಸ್ಥಾಪಿಸಿ ದಲಿತ ಹುಡುಗರಿಗೆ ವಿದ್ಯಾರ್ಥಿನಿಲಯಗಳನ್ನು ತೆರೆದಾಗ, ಅವುಗಳಲ್ಲಿ ಒಂದನ್ನು ಇದೇ ಧಾರವಾಡಕ್ಕೆ ಕೊಟ್ಟರು. ಹುಬ್ಬಳ್ಳಿಯಲ್ಲಿ ಸರದಾರ ವೀರನಗೌಡ ಪಾಟೀಲರೂ ಅವರ ಪತ್ನಿ ನಾಗಮ್ಮನವರೂ ಹರಿಜನ ಬಾಲಿಕಾಶ್ರಮವನ್ನು ನಡೆಸಿ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡರು. ದೊಡ್ಡ ಮನೆತನದವರು, ಆ ಕಾಲಕ್ಕೆ ಬೈಸಿಕೊಂಡೇ ಮಾಡಿದ ಕೆಲಸ.

ಇನ್ನು ನಮ್ಮ ಸೆಟ್ಲಮೆಂಟಿನ ಮಾತು. ತಂತಿಬೇಲಿಯ ಒಳಗೆ ಜನರನ್ನಿಟ್ಟು, ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದುಕೊಂಡು, ದಿನಾಲು ಹಾಜರಿ ತೆಗೆದುಕೊಂಡು, ಗಿರಣಿಗೆ ದುಡಿಯಲು ಕಳಿಸಿದ ಜಾಗ ಅದು. 1952ರಲ್ಲಿ ಆ ಕಾನೂನು ಹೋಯಿತು. ಆ ಮನೆತನಗಳ ಮೊಮ್ಮಕ್ಕಳು, ಮರಿಮಕ್ಕಳು ಇಂದು ನಮ್ಮ ಮಕ್ಕಳ ಸಂಗಡ ಹತ್ತನೆಯ ತರಗತಿಯಲ್ಲಿ ಕೂಡುತ್ತಾರೆ. ಅವರ ಸಮಾಜದಲ್ಲಿ ಬಾಡಿಗೆ ಕೊಡುವ ವ್ಯಾಪಾರಸ್ಥರಿಲ್ಲ. ಸಮಾಜಕ್ಕೊಂದು ಕೋಣೆ, ಕೋಣೆಗೊಂದು ಹಲಗೆ ಎಂದಾದರೆ ಈ ಮಕ್ಕಳು ಯಾವ ಹಲಗೆಯ ಕೆಳಗೆ ಕೂಡಬೇಕು?

ದೂರದ ಒಂದು ಉದಾಹರಣೆ ಹೇಳುತ್ತೇವೆ. ಅಮೇರಿಕೆಯ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಸೋದರಬಳಗಗಳೆಂದು ಇರುತ್ತವೆ. ಗ್ರೀಕ್ ಅಕ್ಷರಗಳಲ್ಲಿ ಹೆಸರು, ಇರಲು ಸ್ವಂತ ಮನೆ, ಒಳಗೊಳಗೇ ಗುಟ್ಟಿನ ಪದ್ಧತಿಗಳು. ಬಹಳಷ್ಟು ಬಳಗಗಳಲ್ಲಿ ಸಿರಿವಂತರ ಮಕ್ಕಳ ಕುಡಿತವೇ ಹೆಚ್ಚು. ಹೊಸಬರನ್ನು ಪೀಡಿಸುವ ರೂಢಿಯೂ ಉಂಟು, ನಮ್ಮಲ್ಲಿಯ ರ‍್ಯಾಗಿಂಗಿನ ಅಣ್ಣ ಅದು. ಅಂಥದನ್ನು ನಾವು ಹೊಗಳುತ್ತಿಲ್ಲ. ಆದರೆ ಅವುಗಳಲ್ಲಿ ಒಂದರ ಕಥೆ ಬೇರೆ. ನ್ಯೂಯಾರ್ಕ್ ಸಂಸ್ಥಾನದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟಿದ್ದರು. 1905ರಲ್ಲಿ ಅವರಲ್ಲಿ ಆರು ಜನ ರಜೆಗೆ ಹೋದವರು ತಿರುಗಿ ಬರಲೇ ಇಲ್ಲ. ಬಿಳಿಯರ ಬಳಗ ಇವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆ ಬಳಗದ ಮನೆಗಳಲ್ಲಿ ಚಾಕರಿ ಮಾಡಿ ಓದುತ್ತಿದ್ದವರೂ ಇವರಲ್ಲಿದ್ದರು. ಉಳಿದವರು ಮೊದಲು ಕೂಡಿ ಓದುವ ಒಂದು ಕೂಟ ಮಾಡಿಕೊಂಡರು. 1906ರ ಡಿಸೆಂಬರಿನಲ್ಲಿ ಏಳು ಜನ ಅದನ್ನೇ ಆಲ್ಫಾ ಫೈ ಆಲ್ಫಾ ಎಂಬ ಬಳಗವಾಗಿ ಮಾಡಿದರು. ಅಲ್ಲಿಯೂ ಏಳೇ ಜನ ನೋಡಿರಿ, ಬೆಳಗಾವಿಗಿಂತ ಹತ್ತು ವರ್ಷ ಮುಂಚೆ.

ಆ ಬಳಗ ತನ್ನವರಿಗೆ ಪಾಸು ಮಾಡಿಸಿ ಸುಮ್ಮನಾಗಲಿಲ್ಲ. 1920ರ ದಶಕದಲ್ಲಿ ಊರೂರಿಗೆ ಹೋಗಿ, ಮಕ್ಕಳನ್ನು ಹೈಸ್ಕೂಲಿಗೆ ಕಳಿಸಿರಿ, ಕಾಲೇಜಿಗೆ ಕಳಿಸಿರಿ ಎಂದು ಚಳವಳಿ ನಡೆಸಿತು. 1930ರ ದಶಕದಲ್ಲಿ ಕಪ್ಪು ಜನರ ಮತದಾನದ ಹಕ್ಕಿಗಾಗಿ ದುಡಿಯಿತು. ಮಾರ್ಟಿನ್ ಲೂಥರ್ ಕಿಂಗ್ ಇದೇ ಬಳಗದ ಸದಸ್ಯರು. ನಮಗೆ ಮುಖ್ಯವಾಗಿ ಬೇಕಾದದ್ದು ಇನ್ನು ಮುಂದಿನ ಮಾತು. ಬಿಳಿಯರು ಬಾಗಿಲು ಹಾಕಿಕೊಂಡದ್ದರಿಂದ ಹುಟ್ಟಿದ ಆ ಬಳಗ, 1945ರಲ್ಲಿ ತನ್ನ ಬಾಗಿಲನ್ನು ಎಲ್ಲ ಬಣ್ಣದವರಿಗೂ ತೆರೆಯಿತು. ತಮಗಾದ ಅನ್ಯಾಯಕ್ಕೆ ಸೇಡಾಗಿ ಬಾಗಿಲು ಹಾಕಿಕೊಳ್ಳಲು ಅವರಿಗೆ ನಮ್ಮೆಲ್ಲರಿಗಿಂತ ಹೆಚ್ಚು ಕಾರಣವಿತ್ತು.

ನಮ್ಮ ದೇಶದಲ್ಲಿ ಇಂಥ ಕೆಲಸಕ್ಕೆ ಸರಕಾರವೇ ಒಂದು ಯೋಜನೆ ಮಾಡಿದೆ. 1969ರಲ್ಲಿ, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಡನೆ ರಾಷ್ಟ್ರೀಯ ಸೇವಾ ಯೋಜನೆ ಸುರುವಾಯಿತು. ಅದರಿಂದ ಒಳ್ಳೆಯ ಕೆಲಸಗಳಾಗಿವೆ, ರಕ್ತದಾನವಿದೆ, ಗಿಡ ನೆಡುವುದಿದೆ. ಆದರೆ ವರ್ಷದಲ್ಲಿ ಏಳು ದಿನ ಹಳ್ಳಿಯಲ್ಲಿ ಶಿಬಿರ ಹೂಡಿ ಎಂಟನೆಯ ದಿನ ಬಸ್ಸು ಹತ್ತುವ ಸೇವೆಗೂ, ದಿನಾಲು ಸಂಜೆ ಏಳಕ್ಕೆ ಅದೇ ಚಾಪೆಯ ಮೇಲೆ ಬಂದು ಕೂಡುವ ಸೇವೆಗೂ ವ್ಯತ್ಯಾಸವಿದೆ. ಮಾಸ್ತರಿಕೆ ಮಾಡಿದ ನಮಗೆ ಗೊತ್ತು, ಬೀಜಗಣಿತದಲ್ಲಿ ಹಿಂದೆ ಬಿದ್ದ ಹುಡುಗನಿಗೆ ಭಾಷಣ ಬೇಕಿಲ್ಲ, ದಿನಾ ಅರ್ಧ ತಾಸು ಪಕ್ಕಕ್ಕೆ ಕೂಡುವ ಒಬ್ಬ ಅಣ್ಣ ಬೇಕು.

ನೀವು ಕೇಳುವ ಪ್ರಶ್ನೆಗಳೂ ನಮಗೆ ಗೊತ್ತಿವೆ. ಓದಿದವನು ನಮ್ಮ ಓಣಿಯನ್ನು ತಿರುಗಿ ನೋಡುತ್ತಾನೆಯೇ? ಪಾಳಿ ಮುಗಿಸಿ ಬಂದ ಒಬ್ಬ ಹಿರಿಯ ಕಾರ್ಮಿಕರು ಮೊನ್ನೆ ನಮ್ಮನ್ನು ಇದನ್ನೇ ಕೇಳಿದರು. ತಿರುಗಿ ನೋಡದವರು ಬಹಳ ಜನ, ಸುಳ್ಳು ಹೇಳುವುದೇಕೆ? ಅದಕ್ಕೇ ಈ ತರುಣರೊಡನೆ ಒಂದು ಮಾತು ಗೊತ್ತು ಮಾಡಿಕೊಂಡಿದ್ದೇವೆ. ಈ ಕೋಣೆಯಲ್ಲಿ ಕೂತು ಹತ್ತನೆಯದನ್ನು ಪಾಸಾದ ಪ್ರತಿಯೊಬ್ಬನೂ ಮುಂದಿನ ಎರಡು ವರ್ಷ ವಾರದಲ್ಲಿ ಎರಡು ಸಂಜೆ ಬಂದು ತನಗಿಂತ ಚಿಕ್ಕವರಿಗೆ ಕಲಿಸಬೇಕು. ಹುಡುಗಿಯರಿಗೂ ಇದೇ ನಿಯಮ. ಅವರನ್ನು ಒಂಬತ್ತು ಗಂಟೆಗೆ ಮನೆಗೆ ಮುಟ್ಟಿಸುವ ಹೊಣೆಯನ್ನು ಪಾಳಿಯ ಪ್ರಕಾರ ಓಣಿಯ ಹಿರಿಯರು ಹೊರಬೇಕು.

ಬಾಡಿಗೆಯ ಲೆಕ್ಕ ಹೀಗೆ. ಒಬ್ಬರೇ ಎಲ್ಲ ಕೊಟ್ಟರೆ ಕೋಣೆ ಅವರದಾಗುತ್ತದೆ. ಅವರು ಬೇಡವೆಂದರೂ ಆಗುತ್ತದೆ. ಆದುದರಿಂದ ಮುಷ್ಟಿಫಂಡಿನ ಪದ್ಧತಿಯನ್ನೇ ಹಿಡಿಯೋಣ. ಪ್ರತಿ ಅಂಗಡಿಯ ಗಲ್ಲೆಯ ಪಕ್ಕದಲ್ಲಿ ಒಂದು ಡಬ್ಬಿ ಇಡಲಿ, ದಿನದ ವ್ಯಾಪಾರ ಮುಗಿದ ಮೇಲೆ ಕೈಗೆ ಬಂದಷ್ಟು ಚಿಲ್ಲರೆ ಅದರಲ್ಲಿ ಬೀಳಲಿ. ಕಾರ್ಮಿಕರು ಪಗಾರದ ದಿನ ತಮ್ಮ ಪಾಲು ಕೊಡಲಿ. ಡಬ್ಬಿಯನ್ನು ತಿಂಗಳಿಗೊಮ್ಮೆ ಎಲ್ಲರೆದುರಿಗೆ ತೆರೆಯುವುದು, ಜಮಾಖರ್ಚನ್ನು ಕೋಣೆಯ ಗೋಡೆಗೆ ಅಂಟಿಸುವುದು. ಕರಾರು ಹಾಕಿದ ಮಿತ್ರರ ಅಂಗಡಿಗೂ ನಾವೇ ಹೋಗಿ ಡಬ್ಬಿ ಕೊಡುವವರಿದ್ದೇವೆ. ಅವರು ಬೇಡವೆನ್ನಲಾರರು ಎಂದು ನಮ್ಮ ಎಣಿಕೆ.

ಹಲಗೆಯ ಮೇಲೆ ಓದುವ ಕೋಣೆ ಎಂದಷ್ಟೇ ಬರೆಸುವುದಿದೆ. ಇದಕ್ಕೆ ಒಪ್ಪಿಗೆಯಿದ್ದವರು ಈಗ ಕೈ ಎತ್ತಿರಿ, ಇಲ್ಲದವರು ಎದ್ದು ಮಾತನಾಡಿರಿ, ತಾಸು ಹಿಡಿದರೂ ಚಿಂತೆಯಿಲ್ಲ. ಒಪ್ಪಿಗೆಯಾದರೆ ರವಿವಾರ ಬೆಳಿಗ್ಗೆ ಎಂಟಕ್ಕೆ ಕೋಣೆಗೆ ಸುಣ್ಣ ಹಚ್ಚುವುದು. ಕುಂಚ ತರಿಸಿದ್ದೇವೆ, ಏಣಿ ಇಲ್ಲ. ಇದ್ದವರು ಹೊತ್ತು ತರಬೇಕು.